ಮೆಚ್ಚಿದ ಬಟ್ಟೆ, ಉಟ್ಟ ಬಟ್ಟೆ

ಕೈಮಗ್ಗದ ಬಟ್ಟೆಯನ್ನು ಹೊಗಳುವುದರಲ್ಲಿ ನಮ್ಮ ಸಮಾಜ ಎಂದೂ ಜಿಪುಣತನ ತೋರಿಸಿಲ್ಲ. ಊರೂರಿಗೆ ಮೇಳಗಳು ನಡೆಯುತ್ತವೆ. ಗಣ್ಯರು ಚರಕದ ಮುಂದೆ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ. ಪತ್ರಿಕೆಗಳು ಸಾಂಪ್ರದಾಯಿಕ ನೇಯ್ಗೆಯ ಸೊಬಗಿನ ಬಗ್ಗೆ ಪುಟ ತುಂಬಿಸುತ್ತವೆ. ಆದರೆ ಮೇಳದಿಂದ ಮನೆಗೆ ಬಂದ ಆ ಬಟ್ಟೆ ಮುಂದೆ ಏನಾಗುತ್ತದೆ ಎಂದು ಕೇಳುವವರು ಕಡಿಮೆ. ಬಹಳಷ್ಟು ಮನೆಗಳಲ್ಲಿ ಅದು ಕಪಾಟಿನ ಮೇಲಿನ ಅರೆಯಲ್ಲಿ ನುಸಿಗುಳಿಗೆಯ ಜೊತೆಗೆ ಮಲಗಿರುತ್ತದೆ. ವರ್ಷಕ್ಕೆ ಎರಡು ಸಲ, ಯಾವುದೋ ಸಾಹಿತ್ಯ ಸಮಾರಂಭಕ್ಕೋ ಮದುವೆಗೋ ಹೊರಬಂದು, ನಾಲ್ಕು ಜನರಿಂದ 'ಚೆನ್ನಾಗಿದೆ' ಅನ್ನಿಸಿಕೊಂಡು ಮತ್ತೆ ಒಳಗೆ ಹೋಗುತ್ತದೆ. ಉಳಿದ ದಿನಗಳಲ್ಲಿ ಉಡುವುದು ಪಾಲಿಯೆಸ್ಟರ್.

ನಾವೂ ಇದಕ್ಕೆ ಹೊರತಾಗಿರಲಿಲ್ಲ. ಧಾರವಾಡದಲ್ಲಿ ವಾಸವಾಗಿರುವ ನಾವು ಗಂಡ ಹೆಂಡತಿ ಇಬ್ಬರೂ ದುಡಿಯುವವರು, ಬಸ್ಸಿನಲ್ಲಿ ಓಡಾಡುವವರು. ಸಭೆಗಳಲ್ಲಿ ಖಾದಿಯ ಪರವಾಗಿ, ಕೈಮಗ್ಗದ ಪರವಾಗಿ ಮಾತಾಡಿದ್ದೇವೆ, ಬರೆದದ್ದೂ ಉಂಟು. 2024ರ ಏಪ್ರಿಲ್‌ನಲ್ಲಿ ರಂಜಾನ್ ಹಬ್ಬಕ್ಕೆ ಬಟ್ಟೆ ತೆಗೆಯಲು ಹೊರಟಾಗ ಅತ್ತೆಯವರು ಒಂದು ಮಾತು ಕೇಳಿದರು: 'ಕೈಮಗ್ಗ, ಕೈಮಗ್ಗ ಅಂತ ಊರಿಗೆಲ್ಲಾ ಹೇಳ್ತೀರಿ. ಒಂದು ವರ್ಷ ಅದನ್ನs ಉಟ್ಟು ತೋರಸ್ರಿ ನೋಡೋಣ.' ಮಾತು ಚುಚ್ಚಿತು. ಹಬ್ಬದಿಂದ ಹಬ್ಬದವರೆಗೆ ಮನೆಯಲ್ಲೂ ಕೆಲಸದಲ್ಲೂ ಕೈಯಿಂದ ನೇಯ್ದ ಬಟ್ಟೆಯನ್ನೇ ಉಡುವುದು, ಪ್ರತಿಯೊಂದರ ಲೆಕ್ಕವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವುದು ಎಂದು ತೀರ್ಮಾನಿಸಿದೆವು. ಎರಡು ಖಾದಿ ಜುಬ್ಬಾ, ಮೂರು ಅಂಗಿ, ಎರಡು ಪಾಯಿಜಾಮ, ಎರಡು ಲುಂಗಿ. ಎರಡು ಇಳಕಲ್ ಸೀರೆ, ಗುಳೇದಗುಡ್ಡದ ಖಣದಲ್ಲಿ ಹೊಲಿಸಿದ ಎರಡು ಕುಪ್ಪಸ, ಮೂರು ಜೊತೆ ಸಲ್ವಾರ್ ಕಮೀಜು. ಇಷ್ಟೇ ನಮ್ಮ ಆಸ್ತಿ. ಯಾವ ದಿನ ಉಟ್ಟೆವು, ಎಲ್ಲಿಗೆ ಹೋದೆವು, ಎಷ್ಟು ಸಲ ಒಗೆದೆವು, ಎಲ್ಲಿ ಹರಿಯಿತು, ಎಲ್ಲಿ ಬಣ್ಣ ಹೋಯಿತು ಎಂಬುದೆಲ್ಲ ಆ ಪುಸ್ತಕದಲ್ಲಿದೆ. ಈ ಬರಹ ಅದರ ಆಧಾರದ ಮೇಲೆ ಬರೆದದ್ದು.

ಪುಸ್ತಕವನ್ನು ವಿಮರ್ಶೆ ಮಾಡುವವನು ಅದನ್ನು ಓದಿರಬೇಕು. ಬಟ್ಟೆಯನ್ನು ವಿಮರ್ಶೆ ಮಾಡುವವನು ಅದನ್ನು ಉಟ್ಟಿರಬೇಕು, ಒಗೆದಿರಬೇಕು. ಕೈಮಗ್ಗದ ಬಗ್ಗೆ ನಮ್ಮಲ್ಲಿ ಬಂದಿರುವ ಹೆಚ್ಚಿನ ಬರಹಗಳಲ್ಲಿ ಈ ಎರಡನೆಯ ಕೆಲಸ ಆಗಿಲ್ಲ. ಅವು ನೋಡಿ ಬರೆದವು, ಉಟ್ಟು ಬರೆದವಲ್ಲ.

*

ಮೊದಲ ತೊಡಕು ಅಂಗಡಿಯಲ್ಲೇ ಎದುರಾಯಿತು. ಕೈಯಿಂದ ಮಾಡಿದ್ದು ಎಂದರೆ ಯಾವುದು? ಕೈಯಿಂದ ನೂತ ನೂಲನ್ನು ಕೈಯಿಂದಲೇ ನೇಯ್ದರೆ ಅದು ಖಾದಿ. ಮಿಲ್ಲಿನ ನೂಲನ್ನು ತಂದು ಕೈಮಗ್ಗದಲ್ಲಿ ನೇಯ್ದರೆ ಅದು ಕೈಮಗ್ಗದ ಬಟ್ಟೆ. ವಿದ್ಯುತ್ ಮಗ್ಗದಲ್ಲಿ ತಯಾರಾದದ್ದು ಇವೆರಡೂ ಅಲ್ಲ. ಈ ವ್ಯತ್ಯಾಸ ಕಾನೂನಿನಲ್ಲಿ ಸ್ಪಷ್ಟವಾಗಿದೆ. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಬಿಟ್ಟುಕೊಟ್ಟಿತು. ಮೊದಲು 22 ಇದ್ದ ಈ ಪಟ್ಟಿ ಮುಂದೆ 11ಕ್ಕೆ ಇಳಿಯಿತು. ಸೀರೆ, ಧೋತರ, ಲುಂಗಿ, ಜಮಖಾನೆಯ ಕೆಲವು ಬಗೆಗಳು ಅದರಲ್ಲಿವೆ. ಗ್ರಾಹಕರಿಗೆ ಗುರುತು ಸಿಗಲೆಂದು 2006ರಲ್ಲಿ ಕೈಮಗ್ಗದ ಮುದ್ರೆಯೂ ಬಂತು. ಆದರೆ ಅಂಗಡಿಯ ಕಟ್ಟೆಯ ಮೇಲೆ ಇದಾವುದೂ ನಮ್ಮ ನೆರವಿಗೆ ಬರಲಿಲ್ಲ.

ನಾವು ಕೊಂಡ ಎರಡು ಇಳಕಲ್ ಸೀರೆಗಳಲ್ಲಿ ಒಂದನ್ನು, ಕೈಮಗ್ಗದ್ದೇ ಎಂದು ಅಂಗಡಿಯವರು ಆಣೆ ಮಾಡಿ ಕೊಟ್ಟಿದ್ದರು. ಎರಡು ತಿಂಗಳ ನಂತರ ಪರಿಚಯದ ಹಿರಿಯ ನೇಕಾರರೊಬ್ಬರಿಗೆ ತೋರಿಸಿದೆವು. ಅವರು ದಡಿ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಸೀದಾ ಒಡಲು ಮತ್ತು ಸೆರಗು ಕೂಡುವ ಜಾಗಕ್ಕೆ ಕೈ ಹಾಕಿದರು. 'ಕೊಂಡಿ ಎಲ್ಲೈತ್ರಿ ಇದರಾಗ?' ಎಂದು ಕೇಳಿ ಸುಮ್ಮನಾದರು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ, ಸೆರಗಿಗೆ ರೇಷ್ಮೆ ಅಥವಾ ಕೃತಕ ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸುವುದೇ ಆ ಸೀರೆಯ ಹೆಚ್ಚುಗಾರಿಕೆ. ನಮ್ಮ ಸೀರೆಯಲ್ಲಿ ಆ ಕೂಡಿಕೆಯೇ ಇರಲಿಲ್ಲ. ಕೈಮಗ್ಗದ ಬಗ್ಗೆ ಭಾಷಣ ಮಾಡಬಲ್ಲ ನಾವು ಕೈಮಗ್ಗವನ್ನು ಗುರುತಿಸಲಾರದವರಾಗಿದ್ದೆವು.

ಮೋಸದ ಈ ವ್ಯಾಪಾರಕ್ಕೆ ಅಂಗಡಿಯವರನ್ನು ಮಾತ್ರ ದೂರಿದರೆ ಸಾಲದು. ಮುಟ್ಟಿ ನೋಡುವ, ಹೊರಳಿಸಿ ನೋಡುವ, ಕೇಳಿ ತಿಳಿಯುವ ಅಭ್ಯಾಸವನ್ನು ಕೊಳ್ಳುವವರು ಕಳೆದುಕೊಂಡದ್ದೂ ಇದಕ್ಕೆ ಕಾರಣ. ನಮ್ಮ ಅಜ್ಜಿಯರಿಗೆ ಸೀರೆಯ ಹಿಂಭಾಗ ನೋಡಿ ಬೆಲೆ ಹೇಳುವುದು ಗೊತ್ತಿತ್ತು. ಕಸೂತಿಯಲ್ಲಿ ಗವಂತಿ ಹೊಲಿಗೆ ಹಾಕಿದ್ದರೆ ಎರಡೂ ಬದಿ ಒಂದೇ ರೀತಿ ಕಾಣಬೇಕು, ಗಂಟು ಇರಬಾರದು ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅಂಥ ಕಣ್ಣಿನ ಗ್ರಾಹಕರು ಇದ್ದ ಕಾಲದಲ್ಲಿ ಕಳಪೆ ಮಾಲು ಕೊಟ್ಟು ದಕ್ಕಿಸಿಕೊಳ್ಳುವುದು ಸುಲಭವಾಗಿರಲಿಲ್ಲ.

*

ಇನ್ನು ಉಟ್ಟ ಅನುಭವಕ್ಕೆ ಬರೋಣ. ಬೇಸಿಗೆಯಲ್ಲಿ ಈ ಬಟ್ಟೆಗೆ ಸಾಟಿಯಿಲ್ಲ; ಇದನ್ನು ಹೇಳಲು ಯಾವ ಸಂಕೋಚವೂ ಇಲ್ಲ. ಕೈಮಗ್ಗದಲ್ಲಿ ಎಳೆಗಳ ಮೇಲೆ ಯಂತ್ರದಷ್ಟು ಬಿಗುವು ಬೀಳುವುದಿಲ್ಲ. ಹಾಗಾಗಿ ಬಟ್ಟೆಯಲ್ಲಿ ಗಾಳಿಗೆ ಜಾಗವಿರುತ್ತದೆ. ಮೇ ತಿಂಗಳ ಮಧ್ಯಾಹ್ನ ತುಂಬಿದ ಬಸ್ಸಿನಲ್ಲಿ ಹುಬ್ಬಳ್ಳಿಗೆ ನಿಂತು ಹೋದ ದಿನ ಜುಬ್ಬಾ ಬೆವರಿನಿಂದ ತೊಯ್ದಿತ್ತು, ಆದರೆ ಮೈಗೆ ಅಂಟಿರಲಿಲ್ಲ. ಇಳಿದು ಹತ್ತು ಹೆಜ್ಜೆ ನಡೆಯುವಷ್ಟರಲ್ಲಿ ತಂಪಾಯಿತು. ಒಲೆಯ ಮುಂದೆ ಎರಡು ತಾಸು ನಿಲ್ಲುವವರಿಗೆ ಹತ್ತಿ ಸೀರೆ ಮತ್ತು ಪಾಲಿಯೆಸ್ಟರ್ ಸೀರೆಯ ನಡುವಿನ ಅಂತರ ವಿವರಿಸಿ ಹೇಳಬೇಕಾಗಿಲ್ಲ. ಬೆಂಕಿಯ ಹತ್ತಿರ ಕೆಲಸ ಮಾಡುವವರಿಗೆ ಇನ್ನೊಂದು ಸಂಗತಿಯೂ ಮುಖ್ಯ. ಹತ್ತಿಗೂ ಬೆಂಕಿ ತಗಲುತ್ತದೆ, ಆದರೆ ಅದು ಪಾಲಿಯೆಸ್ಟರಿನಂತೆ ಕರಗಿ ಚರ್ಮಕ್ಕೆ ಅಂಟಿಕೊಳ್ಳುವುದಿಲ್ಲ.

ಮಳೆಗಾಲ ನಮ್ಮ ಉತ್ಸಾಹದ ಮೇಲೆ ನೀರು ಸುರಿಯಿತು. ಧಾರವಾಡದ ಜುಲೈಯಲ್ಲಿ ದಪ್ಪ ಖಾದಿ ಎರಡು ದಿನವಾದರೂ ಒಣಗುವುದಿಲ್ಲ. ಮೂರನೆಯ ದಿನ ಮುಗ್ಗಲು ವಾಸನೆ. ಇಸ್ತ್ರಿಪೆಟ್ಟಿಗೆಯಿಂದ ಒಣಗಿಸಿ ಉಟ್ಟದ್ದೂ ಆಯಿತು. ಆ ಎರಡು ತಿಂಗಳಲ್ಲಿ ಒಟ್ಟು ಒಂಬತ್ತು ದಿನ ನಮ್ಮ ನಿಯಮ ಮುರಿದು ಹಳೆಯ ಟೆರಿಕಾಟ್ ಅಂಗಿಗೆ ಶರಣು ಹೋದೆವು ಎಂದು ನೋಟ್‌ಬುಕ್ಕು ಹೇಳುತ್ತದೆ. ಎರಡೇ ಜೊತೆ ಬಟ್ಟೆ ಇರುವ ಕೂಲಿಯವನು ಪಾಲಿಯೆಸ್ಟರನ್ನು ಏಕೆ ಆರಿಸಿಕೊಂಡ ಎಂಬುದು ನಮಗೆ ಆಗ ಅರ್ಥವಾಯಿತು. ರಾತ್ರಿ ಒಗೆದು ಹಾಕಿದರೆ ಬೆಳಿಗ್ಗೆ ಉಡಲು ಸಿಗುತ್ತದೆ. ಅವನಿಗೆ ಪರಂಪರೆಯ ಅರಿವಿಲ್ಲ ಎಂದು ಬೈಯುವವರು ಆ ಜುಲೈ ತಿಂಗಳನ್ನು ಎರಡು ಜೊತೆ ಬಟ್ಟೆಯಲ್ಲಿ ಕಳೆದು ನೋಡಬೇಕು.

ಹೊಲಿಗೆಯ ವಿಷಯದಲ್ಲಿ ನಮ್ಮ ಗುರು ಓಣಿಯ ದರ್ಜಿ ಚಾಚಾ. ಮೊದಲ ದಿನ ಬಟ್ಟೆ ಕೊಟ್ಟಾಗ ಅಳತೆಪಟ್ಟಿ ತೆಗೆಯಲೇ ಇಲ್ಲ. 'ಮೊದ್ಲು ಒಂದು ರಾತ್ರಿ ನೀರಾಗ ನೆನಿ ಹಾಕ್ರಿ, ನೆರಳಾಗ ಒಣಗಸ್ರಿ, ಆಮ್ಯಾಲೆ ತರ್ರಿ. ಈಗ ಕತ್ತರಿ ಹಾಕಿದ್ರ ನನಗ ಬೈತೀರಿ' ಎಂದು ವಾಪಸು ಕಳಿಸಿದರು. ಅವರ ಮಾತು ಕೇಳಿ ಹೊಲಿಸಿದ ಅಂಗಿಗಳು ಇಂದಿಗೂ ಸರಿಯಾಗಿವೆ. ಸಿದ್ಧ ಉಡುಪಾಗಿ ಕೊಂಡ ಜುಬ್ಬಾ ಮೂರನೆಯ ಒಗೆತಕ್ಕೆ ಮೊಣಕೈ ಕಡೆಗೆ ಹೊರಟಿತು. ನೆನೆ ಹಾಕದ ಬಟ್ಟೆಯನ್ನು ಹೊಲಿದು ಮಾರಿದ್ದರು. ಕಂಕುಳ ಬಿಗಿ, ಭುಜ ಜೋಲು. ಕಿಸೆ ಎಷ್ಟು ಚಿಕ್ಕದೆಂದರೆ ಮೊಬೈಲ್ ಇಟ್ಟು ಬಗ್ಗಿದರೆ ನೆಲಕ್ಕೆ ಬೀಳುತ್ತದೆ. ಕಮೀಜುಗಳಿಗಂತೂ ಕಿಸೆಯೇ ಇಲ್ಲ. ದುಡಿಯುವ ಹೆಣ್ಣುಮಗಳಿಗೆ ಬಸ್ಸಿನ ಚಿಲ್ಲರೆ ಇಟ್ಟುಕೊಳ್ಳಲು ಜಾಗ ಬೇಡವೇ? ನೇಯ್ಗೆಯಲ್ಲಿ ತಿಂಗಳುಗಟ್ಟಲೆ ಹಾಕಿದ ಶ್ರಮವನ್ನು ಹೊಲಿಗೆಯ ಅಸಡ್ಡೆ ಒಂದು ಗಂಟೆಯಲ್ಲಿ ಹಾಳು ಮಾಡುತ್ತದೆ. ನೇಕಾರರ ಬಗ್ಗೆ ನಾವು ಮಾತಾಡುವಷ್ಟು ದರ್ಜಿಗಳ ಬಗ್ಗೆ ಮಾತಾಡುವುದಿಲ್ಲ. ಕೈಯಿಂದ ಮಾಡಿದ ಬಟ್ಟೆಯಲ್ಲಿ ಅವರದೂ ಅರ್ಧ ಪಾಲಿದೆ.

*

ಬಣ್ಣದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸಾಗರ ತಾಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರ ಪ್ರಯತ್ನದಿಂದ ಬೆಳೆದ ಚರಕ ಮಹಿಳಾ ಸಂಘ ನೈಸರ್ಗಿಕ ಬಣ್ಣದ ಕೈಮಗ್ಗದ ಉಡುಪನ್ನು ಕನ್ನಡನಾಡಿನ ಮಧ್ಯಮ ವರ್ಗಕ್ಕೆ ಪರಿಚಯಿಸಿತು. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನಿಂದ ಅವರು ತೆಗೆದ ಕೆಂಗಂದು ಬಣ್ಣ ಈಗ ಹೆಸರುವಾಸಿ. ಊರಿನಲ್ಲಿ ಸಿಗುವ ವಸ್ತುವಿನಿಂದ ಊರಿನ ಹೆಣ್ಣುಮಕ್ಕಳು ಬಣ್ಣ ಹಾಕುವುದು ಸಣ್ಣ ಸಾಧನೆಯಲ್ಲ. ನಮ್ಮ ಮೂರು ಅಂಗಿಗಳಲ್ಲಿ ಒಂದು ಚೊಗರಿನದು, ಒಂದು ನೀಲಿಯದು, ಒಂದು ದಾಳಿಂಬೆ ಸಿಪ್ಪೆಯ ಹಳದಿ. ಮೂರನ್ನೂ ಬೇರೆಬೇರೆ ಕಡೆ ಕೊಂಡದ್ದು.

ಚೊಗರಿನ ಅಂಗಿ ವರ್ಷ ಪೂರ್ತಿ ಗೌರವದಿಂದ ಬಾಳಿತು. ನೀಲಿ ಅಂಗಿ ಮೊದಲ ಹತ್ತು ಒಗೆತ ಬಕೆಟ್ಟನ್ನೂ ಬನಿಯನ್ನನ್ನೂ ನೀಲಿ ಮಾಡಿತು. ಆಮೇಲೆ ನಿಂತಿತು, ಈಗಿನ ಅದರ ಮಾಸಲು ನೀಲಿ ಹೊಸದಕ್ಕಿಂತ ಚೆನ್ನಾಗಿದೆ. ಹಳದಿ ಅಂಗಿ ಎರಡು ದಿನ ಬಿಸಿಲಿನಲ್ಲಿ ಒಣಗಿದ್ದಕ್ಕೆ ಭುಜದ ಮೇಲೆ ಬಿಳಿಚಿಕೊಂಡಿತು. ಈ ಬಣ್ಣಗಳಿಗೆ ತಣ್ಣೀರು ಬೇಕು, ನೆರಳು ಬೇಕು, ಖಾರದ ಸೋಪಿನ ಪುಡಿ ಆಗದು, ಅಂಟವಾಳಕಾಯಿ ಒಳ್ಳೆಯದು. ಇದನ್ನು ಬಟ್ಟೆ ಮಾರುವಾಗ ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ಆ ಅಂಗಿ ಉಳಿಯುತ್ತಿತ್ತು. ಬದಲಿಗೆ ಇಂಗ್ಲಿಷಿನ ದೊಡ್ಡ ಚೀಟಿಯಲ್ಲಿ ಭೂಮಿತಾಯಿಯ ಬಗ್ಗೆ ನಾಲ್ಕು ಸಾಲು ಇತ್ತು. ಬಣ್ಣ ಮಾಸುವುದೇ ನೈಸರ್ಗಿಕ ಬಣ್ಣದ ಸೌಂದರ್ಯ ಎಂದು ಸಮಜಾಯಿಷಿ ಕೊಡುವವರಿದ್ದಾರೆ. ನೀಲಿಯ ಬಗ್ಗೆ ಈ ಮಾತನ್ನು ಒಪ್ಪುತ್ತೇವೆ. ಹಳದಿಯ ಬಗ್ಗೆ ಒಪ್ಪುವುದಿಲ್ಲ. ಎಲ್ಲ ದೋಷವನ್ನೂ ಗುಣವೆಂದು ಕರೆಯುವುದು ವಿಮರ್ಶೆಯಲ್ಲ, ವಕಾಲತ್ತು.

ಈಗ ನಮ್ಮ ಲೆಕ್ಕದ ಪುಸ್ತಕದ ನಾಚಿಕೆಯ ಪುಟಕ್ಕೆ ಬರುತ್ತೇವೆ. ತಣ್ಣೀರು, ನೆರಳು, ಅಂಟವಾಳಕಾಯಿ, ಗಂಜಿ, ಇಸ್ತ್ರಿ ಎಂದು ಇಷ್ಟು ಸಲೀಸಾಗಿ ಬರೆದೆವಲ್ಲ, ಇದನ್ನೆಲ್ಲ ಮಾಡಿದವರು ಯಾರು? ನಮ್ಮಿಬ್ಬರಲ್ಲಿ ಗಂಡಸಾದವರು ಅಲ್ಲ. ಮೊದಲ ನಾಲ್ಕು ತಿಂಗಳು 'ಒಗೆತ' ಎಂಬ ಅಂಕಣದಲ್ಲಿ ಸಂಖ್ಯೆ ಮಾತ್ರ ಇದೆ, ಹೆಸರಿಲ್ಲ. ಐದನೆಯ ತಿಂಗಳು ಹೆಂಗಸಿನ ಕೈಬರಹದಲ್ಲಿ ಒಂದು ಸಾಲು ಸೇರಿದೆ: 'ಮಷಿನ್ನಿಗೆ ಹಾಕಲು ಬರುವುದಿಲ್ಲ, ಭಾನುವಾರ ಬೆಳಿಗ್ಗೆ ಮೂರು ತಾಸು ಹೋಯಿತು, ಇದನ್ನೂ ಬರೆಯಬೇಕು.' ಅಲ್ಲಿಂದ ಮುಂದೆ ತಾಸಿನ ಲೆಕ್ಕವೂ ಬಂತು, ಸರದಿಯೂ ಬಂತು. ಸರದಿ ಬಂದ ಮೇಲೆ ಗಂಡಸಿನ ಜುಬ್ಬಾಕ್ಕೆ ದಿನಾ ಇಸ್ತ್ರಿ ಬೇಕಿಲ್ಲ ಎಂಬ ಜ್ಞಾನೋದಯವೂ ಆಯಿತು!

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಕರ್ನಾಟಕದಲ್ಲಿ ಬೆಳ್ಳಗೆ ಗಂಜಿ ಹಾಕಿದ ಖಾದಿ ಉಟ್ಟು ಸರಳ ಜೀವನದ ಬಗ್ಗೆ ಮಾತಾಡಿದ ಗಂಡಸರ ಒಂದು ದೊಡ್ಡ ಸಾಲೇ ಇದೆ. ಆ ಖಾದಿಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿದ ಹೆಂಗಸರು ಆ ಸರಳತೆಯ ಬಗ್ಗೆ ಏನು ಹೇಳುತ್ತಿದ್ದರು ಎಂಬುದು ಎಲ್ಲೂ ದಾಖಲಾಗಿಲ್ಲ. ನೇಯುವವರ ಪೈಕಿಯೂ ಹೆಂಗಸರೇ ಹೆಚ್ಚು. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯಂತೆ ದೇಶದ ನೇಕಾರರಲ್ಲಿ ಶೇ. 72ರಷ್ಟು ಮಹಿಳೆಯರು. ನೇಯುವುದೂ ಹೆಣ್ಣು, ಒಗೆಯುವುದೂ ಹೆಣ್ಣು, ಉಟ್ಟು ಹೊಗಳಿಸಿಕೊಳ್ಳುವುದು ಮಾತ್ರ ಗಂಡು ಎಂದಾದರೆ ಆ ಬಟ್ಟೆಯ ನೈತಿಕತೆಯ ಬಗ್ಗೆ ಮತ್ತೊಮ್ಮೆ ಯೋಚಿಸಬೇಕಾಗುತ್ತದೆ.

*

ಬಟ್ಟೆ ಮೈಯನ್ನು ಮುಚ್ಚುತ್ತದೆ, ಜೊತೆಗೆ ಮನುಷ್ಯನನ್ನು ಪರಿಚಯಿಸುತ್ತದೆ. ಸುಕ್ಕುಗಟ್ಟಿದ ಖಾದಿ ಪ್ರಾಧ್ಯಾಪಕರ ಮೈಮೇಲಿದ್ದರೆ ಅದು ಸರಳತೆ. ಅದೇ ಸುಕ್ಕು ಕಟ್ಟಡ ಕೆಲಸದವನ ಮೈಮೇಲಿದ್ದರೆ ಕೊಳಕು. ಬೇರೆ ದಾರಿಯಿದ್ದೂ ಸರಳವಾಗಿ ಉಡುವವನಿಗಷ್ಟೇ ಸರಳತೆಯ ಗೌರವ ಸಿಗುತ್ತದೆ. ಗಾಂಧೀಜಿ ತುಂಡು ಬಟ್ಟೆ ಉಟ್ಟು ಬಡವರ ಜೊತೆ ನಿಂತರು. ಅಂಬೇಡ್ಕರರು ಒಳ್ಳೆಯ ಸೂಟು ಧರಿಸಿ ತಮ್ಮ ಜನರ ತಲೆ ಎತ್ತಿಸಿದರು. ಒಂದನ್ನು ತ್ಯಾಗವೆಂದೂ ಇನ್ನೊಂದನ್ನು ಆಡಂಬರವೆಂದೂ ಓದುವವರಿಗೆ ಉಡುಪಿನ ಭಾಷೆ ಗೊತ್ತಿಲ್ಲ. ಶತಮಾನಗಳ ಕಾಲ ಒಳ್ಳೆಯ ಬಟ್ಟೆ ಉಡುವ ಹಕ್ಕನ್ನೇ ಕಸಿದುಕೊಂಡಿದ್ದ ಜನರಿಗೆ ಒರಟು ಬಟ್ಟೆಯ ಮಹಿಮೆ ಬೋಧಿಸುವುದು ಸಭ್ಯತೆಯಲ್ಲ.

ನಮ್ಮ ವರ್ಷದಲ್ಲೂ ಇದರ ಅನುಭವವಾಯಿತು. ಗಂಡಸಾದವರು ಬಿಳಿ ಜುಬ್ಬಾ ಪಾಯಿಜಾಮ ಉಟ್ಟು ಸಾಹಿತ್ಯ ಸಭೆಗೆ ಹೋದಾಗ 'ಏನ್ ಸರ್, ಗಾಂಧಿವಾದಿ ಆಗೀರಿ' ಎಂದು ಜನ ಕೈಕುಲುಕಿದರು. ಮರುವಾರ ಅದೇ ಬಟ್ಟೆಯಲ್ಲಿ ರೈಲು ನಿಲ್ದಾಣದಲ್ಲಿ ಕಾಯುತ್ತಿದ್ದಾಗ ಎರಡು ಸಲ ಗುರುತಿನ ಚೀಟಿ ತೋರಿಸಬೇಕಾಯಿತು. ಗಡ್ಡ ಒಂದೇ, ಜುಬ್ಬಾ ಒಂದೇ, ಮನುಷ್ಯನೂ ಒಬ್ಬನೇ. ಸಭೆಯಲ್ಲಿ ನಮ್ಮ ಹೆಸರು ಗೊತ್ತಿತ್ತು, ನಿಲ್ದಾಣದಲ್ಲಿ ಗೊತ್ತಿರಲಿಲ್ಲ, ಅಷ್ಟೆ. ಕೆಲಸದ ಸಂದರ್ಶನಕ್ಕೆ ಹೊರಟ ನಮ್ಮ ಓಣಿಯ ಹುಡುಗನೊಬ್ಬ, ನಾವು ಕೊಡಲು ಹೋದ ಕೈಮಗ್ಗದ ಅಂಗಿಯನ್ನು ನಯವಾಗಿ ಬೇಡವೆಂದು ಹೇಳಿ ಇಸ್ತ್ರಿ ಮುರಿಯದ ಟೆರಿಕಾಟ್ ಅಂಗಿ ಹಾಕಿಕೊಂಡು ಹೋದ. ಅವನು ಸರಿಯಾಗಿಯೇ ಯೋಚಿಸಿದ್ದ. ಸುಕ್ಕಿಗೆ ವಿನಾಯಿತಿ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಹೆಂಗಸಾದವರ ಅನುಭವ ಬೇರೆ. ಇಳಕಲ್ ಸೀರೆ ಉಟ್ಟು ಕೆಲಸಕ್ಕೆ ಹೋದ ದಿನ ಜೊತೆಯವರೊಬ್ಬರು, 'ನೀವೂ ಇಳಕಲ್ ಉಡ್ತೀರೇನ್ರಿ ಭಾಭಿ?' ಎಂದು ಬೆರಗಿನಿಂದ ಕೇಳಿದರು. ಕೇಳಿದ್ದರಲ್ಲಿ ಕೆಡುಕಿರಲಿಲ್ಲ. ಆದರೂ ಆ 'ನೀವೂ' ಎಂಬ ಶಬ್ದ ದಿನವಿಡೀ ಕಿವಿಯಲ್ಲಿ ಉಳಿಯಿತು. ಬಯಲುಸೀಮೆಯ ನಮ್ಮ ಅಜ್ಜಿಯರು ಉಟ್ಟದ್ದು ಮತ್ತೇನನ್ನು? ಈ ನಾಡಿನ ನೂಲಿನ ಕಸುಬುಗಳಲ್ಲಿ ಮುಸ್ಲಿಮರ ಕೈ ಎಲ್ಲೆಲ್ಲಿ ಇದೆ ಎಂದು ನೋಡಿದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹತ್ತಿಯನ್ನು ಹಿಂಜಿದವರು ಪಿಂಜಾರರು, ನದಾಫರು. ಕಾಶಿಯ ಕಬೀರನಂತೆ ನೇಯ್ಗೆಯನ್ನೇ ಬದುಕಾಗಿಸಿಕೊಂಡ ಮೋಮಿನ್ ಮನೆತನಗಳು ಉತ್ತರ ಕರ್ನಾಟಕದಲ್ಲಿವೆ. ಧಾರವಾಡ ಜಿಲ್ಲೆಯ ನವಲಗುಂದದ ಹೆಸರಾಂತ ಜಮಖಾನೆಯನ್ನು ನೇಯುವವರು ಮುಸ್ಲಿಂ ಹೆಣ್ಣುಮಕ್ಕಳು. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಆ ಕಸುಬು ಇಂದು ಬೆರಳೆಣಿಕೆಯ ಮನೆಗಳಿಗೆ ಇಳಿದಿದೆ. ಬಟ್ಟೆಯಲ್ಲಿ ಹಾಸು ಯಾರದು, ಹೊಕ್ಕು ಯಾರದು ಎಂದು ಬಿಡಿಸಿ ಹೇಳಲು ಬರುವುದಿಲ್ಲ. ಬಿಡಿಸಿದರೆ ಬಟ್ಟೆಯೇ ಉಳಿಯುವುದಿಲ್ಲ.

*

ಕೊನೆಗೆ ದುಡ್ಡಿನ ಮಾತು. ನಮ್ಮ ಚೊಗರಿನ ಅಂಗಿಗೆ ಬಟ್ಟೆ, ಹೊಲಿಗೆ ಸೇರಿ 1,200 ರೂಪಾಯಿ ಬಿತ್ತು. ವರ್ಷದಲ್ಲಿ 80 ಸಲ ಉಟ್ಟಿದ್ದೇವೆ. ಇನ್ನೊಂದು ವರ್ಷ ಧಾರಾಳವಾಗಿ ಬರುತ್ತದೆ. ಒಂದು ದಿನಕ್ಕೆ ಏಳೂವರೆ ರೂಪಾಯಿ. ಇದಕ್ಕೂ ಮೊದಲು ಸಂತೆಯಲ್ಲಿ 400 ರೂಪಾಯಿಗೆ ಕೊಂಡ ಅಂಗಿ 40 ಸಲಕ್ಕೆ ಕಾಲರು ಹರಿದು ಮೂಲೆ ಸೇರಿತ್ತು. ದಿನಕ್ಕೆ ಹತ್ತು ರೂಪಾಯಿ. ಲೆಕ್ಕದಲ್ಲಿ ಕೈಮಗ್ಗವೇ ಗೆದ್ದಿತು. ಆದರೆ ಈ ಲೆಕ್ಕದ ಹುಳುಕನ್ನೂ ಹೇಳಬೇಕು. ಒಮ್ಮೆಗೇ 1,200 ರೂಪಾಯಿ ಎಣಿಸಲು ಕೈಯಲ್ಲಿ ಇರಬೇಕಲ್ಲ! ದಿನಗೂಲಿಯವನ ಬಳಿ ಇಂದು 400 ಇರುತ್ತದೆ, 1,200 ಇರುವುದಿಲ್ಲ. ಬಾಳಿಕೆಯ ವಸ್ತು ಕೊಳ್ಳಲಾಗದೆ ಬಡವನು ಹೆಚ್ಚು ಖರ್ಚು ಮಾಡುತ್ತಾನೆ. ಮೊದಲು ನೇಕಾರರ ಗಿರಾಕಿ ಇವನೇ ಆಗಿದ್ದ. ಊರ ಸಂತೆಯಲ್ಲಿ ಲುಂಗಿ, ಟವೆಲ್ಲು, ಒರಟು ಸೀರೆ ಕೊಳ್ಳುತ್ತಿದ್ದವನು ಇವನೇ. ಅವನು ಕೈಬಿಟ್ಟ ಜಾಗಕ್ಕೆ ಬಂದವರು ನಾವು, ವರ್ಷಕ್ಕೆ ಒಂದು ಅಂಗಿ ಕೊಂಡು ಹತ್ತು ಮಾತಾಡುವವರು.

ಹಾಗಾದರೆ ಆ 1,200 ರೂಪಾಯಿಯಿಂದ ನೇಕಾರರ ಮನೆ ತುಂಬಿತೇ? ಅದೇ ಗಣತಿ ಹೇಳುವಂತೆ ನೇಕಾರ ಕುಟುಂಬಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿನವರ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. 2009-10ರಲ್ಲಿ 43 ಲಕ್ಷವಿದ್ದ ಕೈಮಗ್ಗದ ಕೆಲಸಗಾರರು 2019-20ರ ಹೊತ್ತಿಗೆ 35 ಲಕ್ಷಕ್ಕೆ ಇಳಿದಿದ್ದರು. ಹೋದವರು ಕಸುಬಿನ ಮೇಲಿನ ಪ್ರೀತಿ ಬತ್ತಿ ಹೋದವರಲ್ಲ, ಹೊಟ್ಟೆಗೆ ಸಾಲದೆ ಹೋದವರು.

ಸರ್ಕಾರಗಳೂ ನಮ್ಮ ಹಾಗೆಯೇ, ಹೊಗಳಿಕೆಯಲ್ಲಿ ಧಾರಾಳ. 1905ರ ಸ್ವದೇಶಿ ಚಳವಳಿಯ ನೆನಪಿಗೆ ಆಗಸ್ಟ್ 7ನ್ನು 2015ರಿಂದ ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. 2020ರ ಆ ದಿನಕ್ಕೆ ಕೆಲವೇ ದಿನ ಮುಂಚೆ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನೇ ರದ್ದುಪಡಿಸಲಾಯಿತು. ಹುಬ್ಬಳ್ಳಿಯ ಬೆಂಗೇರಿಯಲ್ಲಿ 1957ರಲ್ಲಿ ಸ್ಥಾಪನೆಯಾದ ಖಾದಿ ಸಂಘ ದೇಶಕ್ಕೆ ರಾಷ್ಟ್ರಧ್ವಜ ಹೊಲಿದುಕೊಡುವ ಕೇಂದ್ರ; ಅಲ್ಲಿ ದುಡಿಯುವವರು ಬಹುತೇಕ ಹೆಣ್ಣುಮಕ್ಕಳು. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿ ತಂದು ಪಾಲಿಯೆಸ್ಟರಿನ, ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಅನುಮತಿ ಕೊಟ್ಟ ಮೇಲೆ ಆ ಕೈಗಳಿಗೆ ಬರುವ ಕೆಲಸ ಕಡಿಮೆಯಾಯಿತು. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಉತ್ಪನ್ನಗಳಿಗೆ ತೆರಿಗೆ ಬೇಡವೆಂದು ಪ್ರಸನ್ನ ಬೆಂಗಳೂರಿನಲ್ಲಿ ಉಪವಾಸ ಕುಳಿತಿದ್ದರು. 2025ರ ಸೆಪ್ಟೆಂಬರ್ ಬದಲಾವಣೆಯ ನಂತರವೂ ಸಿದ್ಧ ಉಡುಪಿನ ತೆರಿಗೆ ನಿರ್ಧಾರವಾಗುವುದು ಬೆಲೆಯ ಮೇಲೆ: 2,500 ರೂಪಾಯಿವರೆಗೆ ಶೇ. 5, ಅದನ್ನು ದಾಟಿದರೆ ಶೇ. 18. ತೆರಿಗೆ ಬೆಲೆಯನ್ನು ಕೇಳುತ್ತದೆ, ಅದನ್ನು ಮಾಡಿದ್ದು ಕೈಯೋ ಯಂತ್ರವೋ ಎಂದು ಕೇಳುವುದಿಲ್ಲ.

*

2025ರ ರಂಜಾನ್ ಹಬ್ಬಕ್ಕೆ ನಮ್ಮ ವರ್ಷ ಮುಗಿಯಿತು. ಅತ್ತೆಯವರ ಮುಂದೆ ನೋಟ್‌ಬುಕ್ಕು ಇಟ್ಟೆವು. ಚೊಗರಿನ ಅಂಗಿ, ನೀಲಿ ಅಂಗಿ, ಲುಂಗಿಗಳು, ಕೊಂಡಿಯುಳ್ಳ ಇಳಕಲ್ ಸೀರೆ, ಖಣದ ಕುಪ್ಪಸ, ದರ್ಜಿ ಚಾಚಾ ಕಿಸೆ ಇಟ್ಟು ಹೊಲಿದುಕೊಟ್ಟ ಎರಡು ಕಮೀಜು. ಇವು ದಿನಬಳಕೆಗೆ ಉಳಿದವು. ಸಿದ್ಧ ಜುಬ್ಬಾ, ಹಳದಿ ಅಂಗಿ, ದಪ್ಪ ಪಾಯಿಜಾಮ ಸೋತವು. ಮಳೆಗಾಲಕ್ಕೆ ಬೇರೆ ಬಟ್ಟೆ ಬೇಕೆಂಬುದನ್ನು ಒಪ್ಪಿಕೊಂಡೆವು. ಅತ್ತೆಯವರು ಸೋತ ಬಟ್ಟೆಗಳನ್ನು ಎಳೆದು ನೋಡಿ, 'ಬಟ್ಟಿ ಇನ್ನೂ ಗಟ್ಟಿ ಐತಿ. ಹೊಲಿಗಿ ಕೆಟ್ಟೈತಿ, ನೂಲು ಕೆಟ್ಟಿಲ್ಲ' ಎಂದರು. ಈಗ ಅವು ಕೌದಿಯ ತುಂಡುಗಳಾಗಿವೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಕೌದಿಯ ನಾಲ್ಕು ಮೂಲೆಗೂ ಹೂವಿನಂತೆ ಒಂದೊಂದು ಮಡಿಕೆ ಇಟ್ಟು ಮುಗಿಸುತ್ತಾರೆ. ಅತ್ತೆಯವರ ಕೌದಿಗೆ ಹೂವಿಲ್ಲ. ಆದರೆ ಚಳಿಗೆ ಬೆಚ್ಚಗಿದೆ.

ಈ ವರ್ಷದ ತೀರ್ಪನ್ನು ಒಂದು ಮಾತಿನಲ್ಲಿ ಹೇಳುವುದಾದರೆ, ಕೈಮಗ್ಗದ ಬಟ್ಟೆಗೆ ಬೇಕಾದದ್ದು ನಮ್ಮ ಭಕ್ತಿಯಲ್ಲ, ನಮ್ಮ ಬಳಕೆ. ಭಕ್ತರು ತಪ್ಪು ಹುಡುಕುವುದಿಲ್ಲ, ಮತ್ತೆ ಕೊಳ್ಳುವುದೂ ಇಲ್ಲ, ಕಪಾಟಿನಲ್ಲಿಟ್ಟು ಪೂಜಿಸುತ್ತಾರೆ. ಬಳಸುವವರು ಜಗಳಾಡುತ್ತಾರೆ: ಕಿಸೆ ಏಕಿಲ್ಲ, ಬಣ್ಣ ಏಕೆ ಹೋಯಿತು, ನೆನೆ ಹಾಕದೆ ಏಕೆ ಹೊಲಿದಿರಿ, ನೇಯ್ದವರಿಗೆ ಎಷ್ಟು ಕೊಟ್ಟಿರಿ? ಹೀಗೆ ಜಗಳಾಡಿ ಮರುವರ್ಷ ಮತ್ತೆ ಅದೇ ಅಂಗಡಿಗೆ ಹೋಗುವ ಗಿರಾಕಿಯೇ ನೇಕಾರರ ನಿಜವಾದ ಗೆಳೆಯ. ಮೇಳದಿಂದ ತಂದಿಟ್ಟ ಬಟ್ಟೆ ನಿಮ್ಮ ಕಪಾಟಿನಲ್ಲೂ ಇರಬಹುದು. ನಾಳೆ ಬೆಳಿಗ್ಗೆ ಅದನ್ನು ಉಟ್ಟು ಕೆಲಸಕ್ಕೆ ಹೋಗಿ. ಸಂಜೆ ಮನೆಗೆ ಬಂದ ಮೇಲೆ ಅದನ್ನು ನೀವೇ ಒಗೆಯಿರಿ.